ತಂದೆಯ ಕಾಯ್ದೆ, ಮಗನ ಮೇಲಿನ ಶಂಕೆ

ಆಗಸ್ಟ್ 31 ಎಂಬ ದಿನಾಂಕಕ್ಕೆ ಅಪರಾಧದ ಇತಿಹಾಸದಲ್ಲಿ ಎರಡು ನೆನಪುಗಳಿವೆ. 1888ರ ಆ ದಿನ ನಸುಕಿನಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದ ಬೀದಿಯೊಂದರಲ್ಲಿ ಮೇರಿ ಆನ್ ನಿಕೋಲ್ಸ್ ಎಂಬ ಬಡ ಹೆಂಗಸಿನ ಶವ ದೊರೆಯಿತು. ನವೆಂಬರ್ 9ರೊಳಗೆ ಆನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್ ಮತ್ತು ಮೇರಿ ಜೇನ್ ಕೆಲಿ ಅದೇ ಬಗೆಯಲ್ಲಿ ಹತರಾದರು. ಕೊಲೆಗಾರ ಸಿಗಲಿಲ್ಲ. ಅವನಿಗೆ 'ಜ್ಯಾಕ್ ದಿ ರಿಪ್ಪರ್' ಎಂಬ ಹೆಸರು ಮಾತ್ರ ಉಳಿಯಿತು. 1952ರ ಅದೇ ದಿನಾಂಕದಂದು ಸ್ವತಂತ್ರ ಭಾರತವು ಬ್ರಿಟಿಷರ 'ಕ್ರಿಮಿನಲ್ ಟ್ರೈಬ್ಸ್' ಕಾಯ್ದೆಯನ್ನು ರದ್ದುಪಡಿಸಿತು. ಹುಟ್ಟಿನಿಂದಲೇ ಅಪರಾಧಿಗಳೆಂದು ಸರ್ಕಾರಿ ದಾಖಲೆಯಲ್ಲಿ ನಮೂದಾಗಿದ್ದ ಸಮುದಾಯಗಳು ಇಂದಿಗೂ ಅದನ್ನು ವಿಮುಕ್ತ ದಿನವೆಂದು ಆಚರಿಸುತ್ತವೆ.

ದಿನಾಂಕಗಳ ಹೊಂದಿಕೆ ಕೇವಲ ಕಾಕತಾಳೀಯ. ಆದರೆ ಈ ಎರಡೂ ಸಂಗತಿಗಳನ್ನು ಹೆಣೆಯುವ ಒಂದು ಕುಟುಂಬವಿದೆ. ಆ ಕುಟುಂಬದ ತಂದೆ ಭಾರತಕ್ಕೆ ಕಾನೂನು ಬರೆದವನು; ಮಗ ರಿಪ್ಪರ್ ಪ್ರಕರಣದ ಶಂಕಿತರ ಪಟ್ಟಿಯಲ್ಲಿ ಸೇರಿದವನು. ಈ ತಂದೆ ಮಗನ ಕಥೆಗೂ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯ ಆಸುಪಾಸಿನ ಜನರ ಬದುಕಿಗೂ ಇರುವ ಸಂಬಂಧವನ್ನು ಇಲ್ಲಿ ವಿವೇಚಿಸಬೇಕೆಂದು ನನಗೆ ಅನ್ನಿಸಿದೆ.

ಮೊದಲು ಮಗನನ್ನು ನೋಡೋಣ. ಜೇಮ್ಸ್ ಕೆನೆತ್ ಸ್ಟೀಫನ್ ಹುಟ್ಟಿದ್ದು 1859ರಲ್ಲಿ. ಕಾದಂಬರಿಗಾರ್ತಿ ವರ್ಜೀನಿಯಾ ವೂಲ್ಫಳ ದೊಡ್ಡಪ್ಪನ ಮಗ. ಈಟನ್ ಶಾಲೆಯಲ್ಲಿಯೂ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿಯೂ ಓದಿ, ಲಘು ಧಾಟಿಯ ಅಣಕು ಪದ್ಯಗಳಿಗೆ ಹೆಸರಾದವನು. 1883ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರನಿಗೆ ಪಾಠ ಹೇಳಲು ನೇಮಕಗೊಂಡ. 1886ರ ಕೊನೆಯಲ್ಲಿ ಅವನ ತಲೆಗೆ ಪೆಟ್ಟು ಬಿತ್ತು. ಅಲ್ಲಿಂದ ಮುಂದೆ ಮನಸ್ಸಿನ ಸಮತೋಲ ಕೆಡುತ್ತ ಹೋಗಿ, 1892ರ ಫೆಬ್ರವರಿಯಲ್ಲಿ ನಾರ್ದಾಂಪ್ಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ಅವನಿಗೆ ಮೂವತ್ತೆರಡು ವರ್ಷ.

ಅವನು ಸತ್ತು ಎಂಬತ್ತು ವರ್ಷಗಳಾದ ಮೇಲೆ, 1972ರಲ್ಲಿ, ಮೈಕೆಲ್ ಹ್ಯಾರಿಸನ್ ಎಂಬ ಲೇಖಕ ರಾಜಕುಮಾರನ ಜೀವನಚರಿತ್ರೆ ಬರೆಯುತ್ತ ಈ ಗುರುವೇ ರಿಪ್ಪರ್ ಆಗಿದ್ದನೆಂದು ವಾದಿಸಿದ. ಆಧಾರಗಳೇನು? ಸ್ಟೀಫನ್ನನ ಕೆಲವು ಪದ್ಯಗಳಲ್ಲಿ ಹೆಂಗಸರ ಮೇಲೆ ತಿರಸ್ಕಾರವಿದೆ. ಅವನಿಗೆ ಬುದ್ಧಿಭ್ರಮಣೆಯಾಗಿತ್ತು. ಅವನಿಗೆ ಅರಮನೆಯ ನಂಟಿತ್ತು. ಇಷ್ಟೇ. ಕೊಲೆಯಾದ ರಾತ್ರಿಗಳಲ್ಲಿ ಅವನು ವೈಟ್‌ಚಾಪೆಲ್‌ನಲ್ಲಿದ್ದನೆಂದು ಹೇಳುವ ಸಾಕ್ಷಿಯಿಲ್ಲ, ಅವನನ್ನು ಕೊಲೆಗೆ ಗಂಟುಹಾಕುವ ಒಂದು ವಸ್ತುವೂ ಇಲ್ಲ. ಆ ಕಾಲದ ಪೊಲೀಸರು ಶಂಕಿಸಿದವರಲ್ಲಿ ಅವನ ಹೆಸರಿಲ್ಲ. ಹೆಂಗಸರನ್ನು ಹೀಗಳೆದು ಪದ್ಯ ಬರೆದದ್ದು ಅವನ ಅಭಿರುಚಿಗೆ ಕಳಂಕವಾದೀತು, ಕೊಲೆಗೆ ಪುರಾವೆಯಾಗಲಾರದು. ಹುಚ್ಚು ಹಿಡಿದವರೆಲ್ಲ ಕೊಲೆಗಾರರೆನ್ನುವುದಾದರೆ ನ್ಯಾಯಾಲಯಗಳ ಅಗತ್ಯವೇ ಇರುತ್ತಿರಲಿಲ್ಲ. ಅವನನ್ನು ಈ ಪಟ್ಟಿಯಿಂದ ಕೈಬಿಡಲು ಯಾವ ಸಂಕೋಚವೂ ಬೇಕಿಲ್ಲ.

ಅವನೊಬ್ಬನ ಪಾಡೇ ಹೀಗೆ ಎಂದಲ್ಲ. ಈ ಪ್ರಕರಣದಲ್ಲಿ ಇದುವರೆಗೆ ನೂರಕ್ಕೂ ಹೆಚ್ಚು ಮಂದಿಯನ್ನು ಹೆಸರಿಸಲಾಗಿದೆ. ಅಧಿಕೃತ ದಾಖಲೆ ಎನ್ನಬಹುದಾದದ್ದು ಸ್ಕಾಟ್ಲೆಂಡ್ ಯಾರ್ಡ್‌ನ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ 1894ರಲ್ಲಿ ಬರೆದಿಟ್ಟ ಟಿಪ್ಪಣಿ. ಬಂಗಾಳದಲ್ಲಿ ತನ್ನ ಕುಟುಂಬದ ಜಮೀನು ನೋಡಿಕೊಂಡಿದ್ದ ಈತ ಪೊಲೀಸ್ ಇಲಾಖೆ ಸೇರಿದ್ದು ಕೊಲೆಗಳೆಲ್ಲ ಮುಗಿದ ಮೇಲೆ, 1889ರಲ್ಲಿ. ಅವನು ಮೂವರನ್ನು ಹೆಸರಿಸಿದ. ಮೊದಲನೆಯವನಾದ ಮಾಂಟೇಗ್ ಡ್ರುಯಿಟ್ ನಲವತ್ತೊಂದು ವರ್ಷದ ವೈದ್ಯನೆಂದು ಬರೆದ. ಡ್ರುಯಿಟ್ ಮೂವತ್ತೊಂದು ವರ್ಷದ ವಕೀಲ, ಶಾಲಾ ಮಾಸ್ತರ. ಇನ್ನೊಬ್ಬ ಮೈಕೆಲ್ ಆಸ್ಟ್ರೋಗ್. ಕೊಲೆಗಳು ನಡೆದಾಗ ಅವನು ಫ್ರಾನ್ಸಿನ ಸೆರೆಮನೆಯಲ್ಲಿದ್ದನೆಂದು ಮುಂದೆ ದಾಖಲೆಗಳಿಂದಲೇ ಗೊತ್ತಾಯಿತು. ಮೂರನೆಯವನು ಕೊಸ್ಮಿನ್‌ಸ್ಕಿ ಎಂಬ ವಲಸಿಗ ಯಹೂದಿ. ಒಂದು ಹಳೆಯ ಶಾಲಿನ ಮೇಲಿನ ಡಿಎನ್‌ಎ ಅವನದೇ ಎಂಬ ವಾದ 2014ರಲ್ಲಿ ಪ್ರಚಾರ ಪಡೆದು 2019ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದರಲ್ಲೂ ಪ್ರಕಟವಾಯಿತು. ಆ ಶಾಲು ಕೊಲೆಯ ಸ್ಥಳದ್ದೇ ಎಂಬುದಕ್ಕೆ ನಂಬುವಂಥ ಆಧಾರವಿಲ್ಲ. ಪರೀಕ್ಷೆಗೆ ಒಳಗಾದ ಬಗೆಯ ಡಿಎನ್‌ಎ ಒಬ್ಬನೇ ವ್ಯಕ್ತಿಯನ್ನು ಗುರುತಿಸಬಲ್ಲದ್ದೂ ಅಲ್ಲ.

ಈ ಪಟ್ಟಿಯನ್ನು ನೋಡುತ್ತ ಹೋದರೆ ಕೊಲೆಗಾರನಿಗಿಂತ ಆ ಸಮಾಜದ ಭಯಗಳೇ ಹೆಚ್ಚು ಸ್ಪಷ್ಟವಾಗುತ್ತವೆ. ಹುಚ್ಚ, ಪರದೇಶಿ, ಯಹೂದಿ. 1888ರ ಸೆಪ್ಟೆಂಬರಿನಲ್ಲಿ ಜಾನ್ ಪೈಜರ್ ಎಂಬ ಯಹೂದಿ ಚಮ್ಮಾರನನ್ನು ಜನ 'ಚರ್ಮದ ಏಪ್ರನ್ನಿನವನು' ಎಂದು ಬೆರಳು ತೋರಿಸಿದರು. ಕೊಲೆಯ ರಾತ್ರಿಗಳಲ್ಲಿ ಅವನು ಬೇರೆಡೆ ಇದ್ದುದಕ್ಕೆ ಸಾಕ್ಷಿ ದೊರೆತು, ಅವನು ಬದುಕಿಕೊಂಡ. ಇಲ್ಲದಿದ್ದರೆ ಗುಂಪೇ ಅವನಿಗೆ ತೀರ್ಪು ಕೊಡುತ್ತಿತ್ತೇನೋ. ಒಂದು ಮಾತನ್ನು ಮರೆಯಬಾರದು: ಲಂಡನ್ನಿನ ಪೈಜರನಿಗೆ 'ನಾನು ಅಲ್ಲಿರಲಿಲ್ಲ' ಎಂದು ತೋರಿಸಲು ಅವಕಾಶವಿತ್ತು. ಅದೇ ಸಾಮ್ರಾಜ್ಯದ ಮತ್ತೊಂದು ಭಾಗದಲ್ಲಿ ಆ ಅವಕಾಶವನ್ನೂ ಕಾನೂನು ಕಿತ್ತುಕೊಂಡಿತ್ತು.

ಇಲ್ಲಿ ತಂದೆಯ ಪ್ರವೇಶವಾಗುತ್ತದೆ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ 1869ರಿಂದ 1872ರವರೆಗೆ ಗವರ್ನರ್ ಜನರಲ್ ಮಂಡಲಿಯ ಕಾನೂನು ಸದಸ್ಯನಾಗಿದ್ದ. ನಮ್ಮ ವಕೀಲರು ತಲೆಮಾರುಗಟ್ಟಲೆ ಓದಿದ 1872ರ ಭಾರತೀಯ ಸಾಕ್ಷ್ಯ ಕಾಯ್ದೆ ಅವನ ಕೃತಿ. ಅದು ಮೆಚ್ಚತಕ್ಕ ಕಾನೂನು. ಆರೋಪಿಯ ನಡತೆ ಕೆಟ್ಟದ್ದೆಂಬ ಮಾತು ಕ್ರಿಮಿನಲ್ ವಿಚಾರಣೆಯಲ್ಲಿ ಅಪ್ರಸ್ತುತ ಎಂದು ಅದು ಹೇಳಿತು. ಅಪರಾಧದಲ್ಲಿ ಪಾಲುಗಾರನಾದವನ ಹೇಳಿಕೆಗೆ ಬೇರೆ ಪುಷ್ಟಿ ದೊರೆಯದಿದ್ದರೆ ಅದನ್ನು ನ್ಯಾಯಾಲಯ ನಂಬಲರ್ಹವಲ್ಲವೆಂದು ಭಾವಿಸಬಹುದೆಂದೂ ಹೇಳಿತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಆ ಕಾಯ್ದೆಯ ಸ್ಥಾನಕ್ಕೆ ಬಂದಿದ್ದರೂ ಕೆಟ್ಟ ನಡತೆಯ ಕುರಿತ ಆ ಸೂತ್ರ ಉಳಿದುಕೊಂಡಿದೆ.

ಅದೇ ಸ್ಟೀಫನ್ ಅಧಿಕಾರದಲ್ಲಿದ್ದಾಗ, ಅವನ ಸಮರ್ಥನೆಯೊಂದಿಗೆ, 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಜಾರಿಗೆ ಬಂತು. ಈ ದೇಶದಲ್ಲಿ ಕಸುಬುಗಳು ವಂಶಪಾರಂಪರ್ಯವಾಗಿ ಬರುವುದರಿಂದ ಅಪರಾಧವೂ ಹಾಗೆಯೇ ಬರುತ್ತದೆ ಎಂಬುದು ಅದರ ಹಿಂದಿನ ತರ್ಕ. ಸರ್ಕಾರ ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟೆಂದು ಘೋಷಿಸಿದರೆ ಅದರ ಪ್ರತಿ ಸದಸ್ಯನೂ ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಕೂಡದು. ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಒಬ್ಬ ವ್ಯಕ್ತಿಯ ಕೆಟ್ಟ ನಡತೆಯೂ ಸಾಕ್ಷ್ಯವಾಗದೆಂದು ಬರೆದ ಕೈಯೇ, ಅದಕ್ಕೆ ಒಂದು ವರ್ಷ ಮೊದಲು, ಒಂದು ಕುಲದಲ್ಲಿ ಹುಟ್ಟಿದ್ದೇ ಸಾಕ್ಷ್ಯವೆಂಬ ಕಾಯ್ದೆಯನ್ನು ಬೆಂಬಲಿಸಿತ್ತು. ಇದನ್ನು ಕಾಲದ ದೋಷವೆಂದು ತಳ್ಳಿಹಾಕುವುದು ಸುಲಭ. ಆದರೆ ಸರಿಯಾದ ಸೂತ್ರ ಅವನಿಗೆ ಚೆನ್ನಾಗಿ ತಿಳಿದಿತ್ತು.

ಈ ತರ್ಕ ದಿಢೀರನೆ ಹುಟ್ಟಿದ್ದಲ್ಲ. ಅದರ ಬೇರು ಥಗ್ಗರ ವಿರುದ್ಧದ ಕಾರ್ಯಾಚರಣೆಯಲ್ಲಿದೆ ಮತ್ತು ಆ ಕಾರ್ಯಾಚರಣೆಯ ಒಂದು ಭಾಗ ನಮ್ಮ ಸೀಮೆಯಲ್ಲೇ ನಡೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ದಿನಗಳಲ್ಲಿಯೇ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ಸೆರೆಸಿಕ್ಕರು. ದಾರಿಹೋಕರೊಡನೆ ಸ್ನೇಹ ಬೆಳೆಸಿ, ಕುತ್ತಿಗೆಗೆ ಉರುಲು ಬಿಗಿದು ಕೊಂದು ದೋಚುವವರೆಂಬುದು ಅವರ ಮೇಲಿನ ಆಪಾದನೆ. ಮದ್ರಾಸಿನ ವೈದ್ಯ ರಿಚರ್ಡ್ ಷೆರ್ವುಡ್ 1816ರಲ್ಲಿ ಇಂಥವರ ಬಗ್ಗೆ ಬರೆದ ಲೇಖನದಲ್ಲಿ ಕನ್ನಡಿಗರು ಇವರನ್ನು 'ತಂತಿ ಕಳ್ಳರು' ಎನ್ನುತ್ತಾರೆಂದು ದಾಖಲಿಸಿದ್ದಾನೆ.

ಆಮೇಲಿನ ಕಥೆಯಲ್ಲಿ ಕಲಬುರಗಿ ಸೀಮೆಗೆ ಚಿರಪರಿಚಿತನಾದ ಒಬ್ಬನಿದ್ದಾನೆ. ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡು, ಬಾಲಕ ರಾಜ ವೆಂಕಟಪ್ಪ ನಾಯಕನ ಪೋಷಕನಂತಿದ್ದವನು. ಅವನ ಬಂಗಲೆ 'ಟೇಲರ್ ಮಂಜಿಲ್' ಸುರಪುರದಲ್ಲಿ ಈಗಲೂ ಇದೆ. ಅದಕ್ಕೂ ಮುಂಚೆ, 1820ರ ದಶಕದಲ್ಲಿ, ಅವನು ನಿಜಾಮನ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದಾಗ ದಾರಿಬದಿಯಲ್ಲಿ ಅಪರಿಚಿತ ಶವಗಳು ಸಿಗುತ್ತಿದ್ದವು. ತನಿಖೆ ಮುಂದುವರಿಸುವ ಮುನ್ನವೇ ಅವನನ್ನು ದಂಡಿಗೆ ವಾಪಸು ಕರೆಸಿಕೊಂಡರು. ಅಲ್ಲೇ ಉಳಿದಿದ್ದರೆ ಥಗ್ಗರನ್ನು ಬಯಲಿಗೆಳೆದ ಕೀರ್ತಿ ತನ್ನದಾಗುತ್ತಿತ್ತೆಂದು ಅವನು ಆತ್ಮಕಥೆಯಲ್ಲಿ ಹಲುಬಿದ್ದಾನೆ. ಆ ಕೀರ್ತಿ ಸಂದದ್ದು ಜಬಲ್‌ಪುರದ ವಿಲಿಯಂ ಸ್ಲೀಮನ್‌ಗೆ. ಆದರೆ ಓದುಗರ ಮನಸ್ಸಿನಲ್ಲಿ ಥಗ್ಗನನ್ನು ನೆಲೆಗೊಳಿಸಿದ್ದು 1839ರಲ್ಲಿ ಪ್ರಕಟವಾದ ಟೇಲರನ ಕಾದಂಬರಿ 'ಕನ್‌ಫೆಷನ್ಸ್ ಆಫ್ ಎ ಥಗ್'. ಅದರ ನಾಯಕ ಅಮೀರ್ ಅಲಿ 719 ಕೊಲೆಗಳಲ್ಲಿ ಭಾಗಿಯಾದವನು.

ಕೊಲೆಗಳು ನಡೆದೇ ಇಲ್ಲವೆಂದು ವಾದಿಸಲು ನಾನು ಹೊರಟಿಲ್ಲ. ಸ್ಲೀಮನ್‌ಗೆ ಸಿಕ್ಕಿಬಿದ್ದ ಫಿರಂಗಿಯಾ ಎಂಬ ನಾಯಕ ತೋರಿಸಿದ ಜಾಗಗಳಲ್ಲಿ ಅಗೆದಾಗ ಹೆಣಗಳು ಸಿಕ್ಕವು. ಮನೆಗೆ ಮರಳದ ಪ್ರಯಾಣಿಕರು, ಸಿಪಾಯಿಗಳು, ವರ್ತಕರು ನಿಜವಾಗಿ ಇದ್ದರು. ಅವರ ಮನೆಯವರಿಗೆ ನ್ಯಾಯ ಸಲ್ಲಲೇಬೇಕಿತ್ತು. ಪ್ರಶ್ನೆ ಇರುವುದು ಆ ನ್ಯಾಯದ ವಿಧಾನದಲ್ಲಿ. 1836ರ 30ನೆಯ ಕಾಯ್ದೆಯ ಪ್ರಕಾರ ಕೊಲೆಯನ್ನು ಸಾಬೀತುಪಡಿಸಬೇಕಾಗಿರಲಿಲ್ಲ. ಥಗ್ಗರ ತಂಡಕ್ಕೆ ಎಂದಾದರೂ ಸೇರಿದ್ದನೆಂದು ತೋರಿಸಿದರೆ ಸಾಕು, ಜೀವಾವಧಿ ಶಿಕ್ಷೆ. ಕಾಯ್ದೆ ಬರುವುದಕ್ಕೆ ಮುಂಚೆ ಸೇರಿದ್ದವನಿಗೂ ಅದು ಅನ್ವಯ. ತೋರಿಸುವವರು ಯಾರು? ಮಾಫಿ ಸಾಕ್ಷಿಗಳು. ತಮ್ಮ ಕೊರಳು ಉಳಿಸಿಕೊಳ್ಳಲು ಇನ್ನೊಬ್ಬರ ಹೆಸರು ಹೇಳಬೇಕಾದವರು. 1831ರಿಂದ 1837ರವರೆಗಿನ ಲೆಕ್ಕದಂತೆ ಕ್ರಮಕ್ಕೆ ಒಳಗಾದವರು 3,266 ಮಂದಿ. ಅವರಲ್ಲಿ 412 ಮಂದಿಯನ್ನು ನೇಣಿಗೇರಿಸಲಾಯಿತು, 483 ಮಂದಿ ಮಾಫಿ ಸಾಕ್ಷಿಗಳಾದರು. ನೇಣಿಗೇರಿದವರಿಗಿಂತ ಹೆಸರು ಹೇಳಿ ಉಳಿದವರೇ ಹೆಚ್ಚು.

ಇಂಥ ಹೇಳಿಕೆಗಳಿಂದ ಹುಟ್ಟಿದ ಅಂಕಿಗಳ ಗತಿಯನ್ನು ನೋಡಿ. ಅವಧದ ಬೆಹ್ರಾಮ್ ಎಂಬವನು 931 ಮಂದಿಯನ್ನು ಕೊಂದನೆಂದು ಗಿನ್ನೆಸ್ ದಾಖಲೆ ಪುಸ್ತಕವೂ ಬರೆಯಿತು. ಲಖನೌದ ಅಧಿಕಾರಿ ಜೇಮ್ಸ್ ಪೇಟನ್ ಬರೆದಿಟ್ಟುಕೊಂಡ ಹೇಳಿಕೆಗಳಲ್ಲಿ ಇದೇ ಬೆಹ್ರಾಮ್ ತಾನು ಕೈಯಾರೆ ಕೊಂದದ್ದು ಸುಮಾರು 125 ಇರಬಹುದು, ಕಣ್ಣಾರೆ ಕಂಡದ್ದು ಇನ್ನೊಂದು 150 ಇರಬಹುದು ಎಂದಿದ್ದಾನೆ. 931 ಎಂಬುದು ಅವನು ಸೇರಿದ್ದ ತಂಡಗಳ ಒಟ್ಟು ಲೆಕ್ಕ. 125 ಕೂಡ ಒಬ್ಬ ಮಾಫಿ ಸಾಕ್ಷಿಯ ಬಾಯಿಮಾತು. ರಾಧಿಕಾ ಸಿಂಘಾ, ಕಿಮ್ ವ್ಯಾಗ್ನರ್ ಮುಂತಾದ ಇತಿಹಾಸಕಾರರು ಈ ಕಡತಗಳನ್ನು ಮರುಪರಿಶೀಲಿಸಿದ್ದಾರೆ. ಅವರ ಕೆಲಸವನ್ನು ಓದಿದ ಮೇಲೆ, ದೇವಿಯ ಹೆಸರಿನಲ್ಲಿ ವಂಶಪಾರಂಪರ್ಯವಾಗಿ ಕೊಲ್ಲುವ ಅಖಿಲ ಭಾರತ ಪಂಥವೊಂದಿತ್ತೆಂಬ ಚಿತ್ರವನ್ನು ಹಾಗೆಯೇ ಒಪ್ಪುವುದು ಕಷ್ಟ. ನೌಕರಿ ಕಳೆದುಕೊಂಡ ಸಿಪಾಯಿಗಳು, ಬರಗಾಲಕ್ಕೆ ಸಿಕ್ಕಿದ ರೈತರು, ಪಾಲು ಪಡೆಯುತ್ತಿದ್ದ ಜಮೀನ್ದಾರರು ಇದ್ದ ದರೋಡೆಯ ಲೋಕವೊಂದು ಅಲ್ಲಿ ಕಾಣುತ್ತದೆ. ಆದರೆ ಪಂಥದ ಚಿತ್ರವೇ ಆಡಳಿತಕ್ಕೆ ಅನುಕೂಲವಾಗಿತ್ತು. 1871ರ ಕಾಯ್ದೆ ನಿಂತದ್ದು ಅದರ ಮೇಲೆ.

ಈಗ ಕಲಬುರಗಿಯಿಂದ ಹುಮನಾಬಾದ್ ಕಡೆಗಿನ ಹೆದ್ದಾರಿಗೆ ಬರೋಣ. ಮಹಾಗಾಂವ್ ಕ್ರಾಸ್ ದಾಟಿದರೆ ಕಮಲಾಪುರ. ರಸ್ತೆಬದಿಯಲ್ಲಿ ಕೆಂಪು ಬಾಳೆಯ ಗೊನೆಗಳು, ಒಳಗೆ ಹೋದರೆ ಗುಡ್ಡದ ಮಗ್ಗುಲಲ್ಲಿ ಲಂಬಾಣಿ ತಾಂಡಾಗಳು. ಎತ್ತಿನ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೂ ತಿರುಗುತ್ತಿದ್ದವರ ಸಂತತಿ ಇವರದು. ಮೊಗಲರ ದಂಡಿಗೂ ಕಂಪನಿಯ ದಂಡಿಗೂ ಕಾಳು ಒದಗಿಸಿದವರನ್ನು, ರಸ್ತೆ ಮತ್ತು ರೈಲು ಬಂದು ಕಸುಬು ತಪ್ಪಿದ ಮೇಲೆ, ಬ್ರಿಟಿಷ್ ಅಧಿಕಾರಿಗಳು ಅಲೆಮಾರಿಗಳೆಂಬ ಕಾರಣಕ್ಕೇ ಶಂಕಿಸಿದರು. ಮದ್ರಾಸ್ ಪ್ರಾಂತ್ಯದಲ್ಲಿ ಲಂಬಾಡಿಗಳೂ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿದರು. ಈ ಸೀಮೆಯ ಇನ್ನೊಂದು ಸಮುದಾಯ ಪಾರ್ಧಿಗಳದು; ನಮ್ಮಲ್ಲಿ ಹರಣಶಿಕಾರಿಗಳೆಂದೂ ಕರೆಯುತ್ತಾರೆ. ಅವರಲ್ಲಿ ಒಂದು ಪಂಗಡ ಫಾಸೆ ಪಾರ್ಧಿ. ಫಾಸೆ ಎಂದರೆ ಉರುಲು. ಅದು ಹಕ್ಕಿಗೆ, ಜಿಂಕೆಗೆ ಒಡ್ಡುವ ಉರುಲು. ಕಾಡು ಹೋಯಿತು, ಬೇಟೆಯನ್ನು ಕಾನೂನು ನಿಷೇಧಿಸಿತು, ಉರುಲಿನ ಹೆಸರು ಮಾತ್ರ ಕಳಂಕದಂತೆ ಅಂಟಿಕೊಂಡಿತು. ಮುಂಬಯಿ ಪ್ರಾಂತ್ಯದಲ್ಲಿ ಇಂಥವರನ್ನು ತಂತಿಬೇಲಿಯ ಒಳಗೆ ಕೂಡಿಹಾಕಿದ ವಿಜಯಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳ ಸೆಟ್ಲಮೆಂಟುಗಳ ನೆನಪು ಆ ಊರುಗಳಲ್ಲಿ ಇನ್ನೂ ಅಳಿಸಿಲ್ಲ.

1952ರಲ್ಲಿ ಕಾಯ್ದೆ ಹೋಯಿತು. ಅದರ ಬೆನ್ನಿಗೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮ ರಾಜ್ಯದ ಕಾಯ್ದೆ 1961ರದು. ಹೆಸರಿಗೆ ಅದು ವ್ಯಕ್ತಿಯ ಕೃತ್ಯವನ್ನು ನೋಡುತ್ತದೆ, ಕುಲವನ್ನಲ್ಲ. ಆದರೆ ಅಭ್ಯಾಸ ಬೇಗ ಸಾಯುವುದಿಲ್ಲ. ನಗರದ ಅಂಚಿನ ಬಡಾವಣೆಯಲ್ಲಿ ಮನೆಗಳ್ಳತನವಾದರೆ ಮೊದಲ ವಿಚಾರಣೆ ವರ್ತುಲ ರಸ್ತೆಯಾಚೆಯ ಗುಡಾರಗಳಲ್ಲಿ ನಡೆಯುವುದನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ಪತ್ರಿಕೆಗಳೂ ನಿರಪರಾಧಿಗಳಲ್ಲ. ಮೇಲ್ಜಾತಿಯ ನಾಲ್ವರು ಸೇರಿ ಬ್ಯಾಂಕಿಗೆ ವಂಚಿಸಿದರೆ ಅವರ ಹೆಸರು ಬರೆಯುತ್ತೇವೆ. ಅಲೆಮಾರಿ ಸಮುದಾಯದ ನಾಲ್ವರು ಸಿಕ್ಕಿಬಿದ್ದರೆ ಸಮುದಾಯದ ಹೆಸರಿಗೆ 'ಗ್ಯಾಂಗ್' ಎಂದು ಸೇರಿಸಿ ತಲೆಬರಹ ಕೊಡುತ್ತೇವೆ. ಆ ತಲೆಬರಹವನ್ನು ಅದೇ ಸಮುದಾಯದ ಹುಡುಗಿಯೊಬ್ಬಳು ಶಾಲೆಯಲ್ಲಿ ಸಹಪಾಠಿಗಳ ನಡುವೆ ಕೂತು ಓದುತ್ತಾಳೆ ಎಂಬುದು ನಮಗೆ ನೆನಪಾಗುವುದಿಲ್ಲ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ ನೀಡಿದ ತೀರ್ಪು ಈ ಕಾರಣಕ್ಕೆ ಮಹತ್ವದ್ದು. ಜಾತಿಯನ್ನು ನೋಡಿ ಕೈದಿಗಳಿಗೆ ಕೆಲಸ ಹಂಚುವ ಜೈಲು ನಿಯಮಗಳನ್ನು ಅದು ಅಸಾಂವಿಧಾನಿಕವೆಂದಿತು. ಕೈದಿಗಳ ದಾಖಲೆಯಿಂದ ಜಾತಿಯ ಕಲಮನ್ನು ತೆಗೆಯಲು ಹೇಳಿತು. ವಿಮುಕ್ತ ಸಮುದಾಯದವರನ್ನು ರೂಢಿಗತ ಅಪರಾಧಿಗಳೆಂದು ಸಾರಾಸಗಟಾಗಿ ಕಾಣುವುದನ್ನು ಖಂಡಿಸಿತು. 1871ರ ತರ್ಕ ಹುಟ್ಟಿ 153 ವರ್ಷಗಳ ಮೇಲೆ ದೇಶದ ಅತ್ಯುನ್ನತ ನ್ಯಾಯಾಲಯ ಈ ಮಾತನ್ನು ಹೇಳಬೇಕಾಯಿತು ಎಂಬುದೇ ಆ ತರ್ಕದ ಆಯಸ್ಸನ್ನು ಸೂಚಿಸುತ್ತದೆ.

ಪೊಲೀಸರಿಗೆ ಹಳೆಯ ಅಪರಾಧಿಗಳ ದಾಖಲೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಶಿಕ್ಷೆಯಾದ ವ್ಯಕ್ತಿಯ ಹೆಸರು, ಕೃತ್ಯ, ಬೆರಳಚ್ಚು ಇರಲಿ. ಬೆರಳಚ್ಚಿನ ವರ್ಗೀಕರಣವನ್ನು ಕಲ್ಕತ್ತೆಯಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ರೂಪಿಸಿಕೊಟ್ಟ ಮೇಲೆಯೇ 1901ರಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಅದನ್ನು ಅಳವಡಿಸಿಕೊಂಡದ್ದು. ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ತೋರಿಸುವುದೇ ಆ ವಿದ್ಯೆಯ ಸಾರ. ಕುಲದ ಮೇಲೆ ಶಂಕೆ ಹೊರಿಸುವ ತನಿಖೆ ಆ ವಿದ್ಯೆಯನ್ನೇ ಮರೆಯುತ್ತದೆ ಮತ್ತು ನಿಜವಾದ ಕಳ್ಳನಿಗೆ ತಪ್ಪಿಸಿಕೊಳ್ಳಲು ಕಾಲಾವಕಾಶ ಕೊಡುತ್ತದೆ.

ಫಿಟ್ಸ್‌ಜೇಮ್ಸ್ ಸ್ಟೀಫನ್ನನ ಕೊನೆಯ ವರ್ಷಗಳು ದುಃಖದವು. 1889ರಲ್ಲಿ ಲಿವರ್‌ಪೂಲಿನಲ್ಲಿ ಗಂಡನಿಗೆ ವಿಷವಿಟ್ಟಳೆಂಬ ಆರೋಪ ಹೊತ್ತ ಫ್ಲಾರೆನ್ಸ್ ಮೇಬ್ರಿಕ್‌ಳ ವಿಚಾರಣೆಗೆ ಅವನೇ ನ್ಯಾಯಾಧೀಶ. ಅವಳಿಗೊಬ್ಬ ಪ್ರಿಯಕರನಿದ್ದ ಸಂಗತಿಗೆ ಅವನು ಅತಿಯಾದ ತೂಕ ಕೊಟ್ಟನೆಂದು ಟೀಕೆ ಬಂತು. ನಡತೆ ಸಾಕ್ಷ್ಯವಲ್ಲವೆಂದು ಬರೆದವನು ತಾನೇ ಅದನ್ನು ಮರೆತಂತಿತ್ತು. ಅವಳಿಗೆ ವಿಧಿಸಿದ ಮರಣದಂಡನೆಯನ್ನು ಸರ್ಕಾರ ಜೀವಾವಧಿಗೆ ಇಳಿಸಿತು. 1891ರಲ್ಲಿ, ಮನಸ್ಸಿನ ಶಕ್ತಿ ಕುಂದಿದೆಯೆಂಬ ಮಾತುಗಳ ನಡುವೆ, ಅವನು ಪೀಠದಿಂದ ಇಳಿದ. ಮರುವರ್ಷ ಮಗ ತೀರಿಕೊಂಡ. ಆ ಮಗನನ್ನು ಮುಂದೆ ಯಾವ ಸಾಕ್ಷ್ಯವೂ ಇಲ್ಲದೆ ಕೊಲೆಗಾರನೆಂದು ಕರೆಯಲಾಗುವುದೆಂದು ಅವನಿಗೆ ಗೊತ್ತಿರಲಿಲ್ಲ. ಮೇಬ್ರಿಕ್‌ಳ ಗಂಡನನ್ನೂ 1992ರಲ್ಲಿ ಹೊರಬಂದ ಸಂಶಯಾಸ್ಪದ ದಿನಚರಿಯೊಂದರ ಬಲದ ಮೇಲೆ ಅದೇ ಪಟ್ಟಿಗೆ ಸೇರಿಸಿದರು.

ಜೇಮ್ಸ್ ಕೆನೆತ್ ಸ್ಟೀಫನ್‌ಗೆ ನಾವು ಸಂಶಯದ ಲಾಭ ಕೊಡುತ್ತೇವೆ. ಕೊಡಲೇಬೇಕು. ಅವನು ಸತ್ತು ನೂರಮೂವತ್ತು ವರ್ಷಗಳು ಕಳೆದಿವೆ. ಶಂಕೆಯಿಂದ ಅವನಿಗೆ ಇನ್ನು ನೋವಾಗದು. ಕಲಬುರಗಿಯಲ್ಲಿ 2013ರಿಂದ ಹೈಕೋರ್ಟಿನ ಕಾಯಂ ಪೀಠವಿದೆ, ವಿಶ್ವವಿದ್ಯಾಲಯಗಳಿವೆ, ಓದುವ ಮಧ್ಯಮ ವರ್ಗವಿದೆ. ಜಿಲ್ಲೆಯ ಠಾಣೆಗಳಲ್ಲಿ ಸಮುದಾಯದ ಹೆಸರಿನಲ್ಲಿ ಶಂಕಿತರ ಪಟ್ಟಿ ಇದ್ದರೆ ಅದನ್ನು ತೆಗೆದುಹಾಕಿದ್ದೇವೆಂದು ಪೊಲೀಸ್ ಇಲಾಖೆ ಬಹಿರಂಗವಾಗಿ ಹೇಳಲಿ. ಅಪರಾಧ ಸುದ್ದಿಯಲ್ಲಿ ಕುಲದ ಹೆಸರು ಬರೆಯುವುದನ್ನು ಪತ್ರಿಕೆಗಳು ನಿಲ್ಲಿಸಲಿ. ಮನೆಗೆಲಸಕ್ಕೆ, ಬಾಡಿಗೆ ಮನೆಗೆ ಬಂದವರ ಜಾತಿ ಕೇಳಿ ಕಳ್ಳತನದ ಲೆಕ್ಕ ಹಾಕುವುದನ್ನು ನಾವು ಬಿಡೋಣ. ಲಂಡನ್ನಿನ ಸತ್ತ ಕವಿಗೆ ಸಲ್ಲುವ ನ್ಯಾಯ ಕಮಲಾಪುರದ ತಾಂಡಾದ ಬದುಕಿರುವ ಹುಡುಗನಿಗೂ ಸಲ್ಲಬೇಕು.